ಎರಿ ಹೊಲವೋ, ಮಸಾರಿ ದಿನ್ನೆಯೋ? ಅಪ್ಪನ ಕುಣಿಯ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಸರ್, ನಾನು ಸಿಂಧನೂರು ತಾಲೂಕಿನವಳು, ಹೈಸ್ಕೂಲ್ ಟೀಚರ್. ನಮ್ಮ ಅಪ್ಪನಿಗೆ 79 ವರ್ಷ. ಎರಡು ಸಲ ಆಸ್ಪತ್ರೆ ಸೇರಿ ಬಂದಿದ್ದಾರೆ. ಈಗ ಆರಾಮ ಇದ್ದಾರೆ, ಆದರೆ ಮಾತೆಲ್ಲ ಮುಂದಿನದೇ. 'ನನ್ನ ಮ್ಯಾಲೆ ಕಲ್ಲು ಸಿಮೆಂಟು ಹೇರಬ್ಯಾಡ್ರಿ, ಒಂದ್ ಗಿಡ ಹಚ್ರಿ ಸಾಕು' ಅಂತ ಹೇಳಿಬಿಟ್ಟಿದ್ದಾರೆ. ನಾವು ಲಿಂಗಾಯತರು, ಹೊಲದಲ್ಲೇ ಮಣ್ಣು ಮಾಡುತ್ತೇವೆ. ದೊಡ್ಡಪ್ಪನವರು ಅಜ್ಜನ ಗದ್ದುಗೆ ಪಕ್ಕದಲ್ಲೇ ಆಗಬೇಕು, ಅದೇ ಥರ ಗ್ರಾನೈಟ್ ಹಾಕಿ ಕಟ್ಟಬೇಕು ಅನ್ನುತ್ತಾರೆ. ಆ ಜಾಗ ಕಾಲುವೆ ಕೆಳಗಿನ ಎರಿ (ಕಪ್ಪು ಮಣ್ಣಿನ) ಹೊಲ, ಭತ್ತ ಬೆಳೆಯುತ್ತೇವೆ. ಅಲ್ಲಿಂದ ಅರವತ್ತು ಅಡಿಗೆ ಬೋರ್‌ವೆಲ್ ಇದೆ, ಅದರ ನೀರನ್ನೇ ಕುಡಿಯುತ್ತೇವೆ. ಬೆಂಗಳೂರಿನಲ್ಲಿರುವ ತಮ್ಮ, 'ಹೂಳಿದರೆ ನೀರು ಕೆಡುತ್ತೆ, ಕರೆಂಟ್ ಒಲೆಯಲ್ಲಿ ಸುಟ್ಟು ಆ ಬೂದಿಯಲ್ಲಿ ಗಿಡ ಹಚ್ಚೋಣ, ಅದೇ ಪರಿಸರಸ್ನೇಹಿ' ಅನ್ನುತ್ತಾನೆ. ಒಂದು ಚೀಲ ಉಪ್ಪು ಸುರಿದರೆ ಬೇಗ ಕರಗುತ್ತೆ ಅಂತ ಊರಿನವರು. ಹೊಲದ ಮೇಲ್ತುದಿಯಲ್ಲಿ ಎರಡು ಫರ್ಲಾಂಗು ದೂರ ಒಂದು ಮಸಾರಿ (ಕೆಂಪು ಮಣ್ಣಿನ) ದಿನ್ನೆ ಇದೆ, ಬೆಳೆ ಸರಿಯಾಗಿ ಬರುವುದಿಲ್ಲ. ಅಪ್ಪ ಬದುಕಿರುವಾಗಲೇ ಇದನ್ನೆಲ್ಲ ಕೇಳೋದು ತಪ್ಪಾ? ಯಾವುದು ಸರಿ?

ಉತ್ತರ:

ತಂಗೀ, ತಪ್ಪಾ ಅನ್ನೋದಕ್ಕೆ ಮೊದಲು ಹೇಳಿಬಿಡುತ್ತೇನೆ. ತಪ್ಪಲ್ಲ. ಮಾತು ಎತ್ತಿದವರು ನಿಮ್ಮ ತಂದೆಯೇ, ನೀವು ಕಿವಿಗೆ ಹಾಕಿಕೊಂಡಿದ್ದೀರಿ ಅಷ್ಟೇ. ಹೋದ ದಿನ ಮನೆಯಲ್ಲಿ ಯಾರಿಗೂ ಯೋಚನೆ ಮಾಡುವ ತ್ರಾಣ ಇರುವುದಿಲ್ಲ. ಆವತ್ತು ಯಾರ ದನಿ ದೊಡ್ಡದೋ ಅವರು ಹೇಳಿದ್ದೇ ನಡೆಯುತ್ತೆ, ಜೆಸಿಬಿ ಎಲ್ಲಿಗೆ ಬಂದು ನಿಂತಿತೋ ಅಲ್ಲೇ ಕುಣಿ.

ನಾನು ಮಣ್ಣಿನ ಕೆಲಸದವನು. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಹೊಲಗಳಲ್ಲಿ ಮೂವತ್ತು ವರ್ಷ ಮಣ್ಣು ಪರೀಕ್ಷೆ ಮಾಡಿ ನಿವೃತ್ತನಾದೆ. ಮಣ್ಣಿನ ಪದರ ನೋಡಬೇಕಾದರೆ ಐದಾರು ಅಡಿ ಆಳದ ಗುಂಡಿ ತೋಡಿಸಿ, ನಾವೇ ಒಳಗಿಳಿದು ನಿಂತು ನೋಡಬೇಕು. ತೋಡಿಸುವಾಗ ದಾರಿಯಲ್ಲಿ ಹೋಗುವವರು ಸೈಕಲ್ ನಿಲ್ಲಿಸಿ 'ಯಾರು ಹೋದ್ರಿ ಸಾಹೇಬ್ರ?' ಅಂತ ಕೇಳುತ್ತಿದ್ದರು. ಅಳತೆ ಅದೇ ಆದರೆ ಅವರಾದರೂ ಏನು ಮಾಡಬೇಕು! ವಿಧಿವಿಧಾನದ ಮಾತು ನನ್ನದಲ್ಲ, ಅದನ್ನು ನಿಮ್ಮ ಮನೆಯ ಅಯ್ಯನವರು ಹೇಳಲಿ. ಗುಂಡಿಯ ಒಳಗೆ ಏನಾಗುತ್ತೆ ಅನ್ನೋದು ನನಗೆ ಗೊತ್ತು, ಅದನ್ನು ಹೇಳುತ್ತೇನೆ.

ಮೊದಲು ನೀರಿನ ಭಯ. ಹೆಣದಿಂದ ವಿಷ ಹರಿದು ಬೋರ್ ಸೇರುತ್ತೆ ಅಂತ ನಿಮ್ಮ ತಮ್ಮ ಹೇಳೋದರಲ್ಲಿ ಒಂದಂಶ ನಿಜ, ಉಳಿದದ್ದು ಹೆದರಿಕೆ. ಸತ್ತ ದೇಹ ತಾನಾಗಿ ರೋಗದ ಮೂಟೆ ಅಲ್ಲ. ಕಾಲರಾದಂಥ ಕೆಲವು ಕಾಯಿಲೆ ಬಿಟ್ಟರೆ, ದೇಹದಲ್ಲಿರುವ ರೋಗಾಣುಗಳು ಮನುಷ್ಯ ಸತ್ತ ಮೇಲೆ ಹೆಚ್ಚು ದಿನ ಬಾಳುವುದಿಲ್ಲ. ಹೊರಬರುವುದು ಮುಖ್ಯವಾಗಿ ನೀರು, ಉಪ್ಪಿನಂಶ, ಸಾರಜನಕ. 70 ಕೆ.ಜಿ. ತೂಕದ ಮನುಷ್ಯನ ದೇಹದಲ್ಲಿ ನೀರು ಸುಮಾರು 40 ಲೀಟರ್, ಸಾರಜನಕ ಸುಮಾರು 2 ಕೆ.ಜಿ. ಈಗ ನಿಮ್ಮ ಭತ್ತದ ಗದ್ದೆಯ ಲೆಕ್ಕ ಹಾಕಿ. ಒಂದು ಯೂರಿಯಾ ಚೀಲ 45 ಕೆ.ಜಿ., ಅದರಲ್ಲಿ ನೂರಕ್ಕೆ 46 ಭಾಗ ಸಾರಜನಕ, ಅಂದರೆ 20 ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ಎಕರೆಗೆ ಮೂರ್ನಾಲ್ಕು ಚೀಲ ಎರಚುವವರನ್ನು ನಿಮ್ಮ ಭಾಗದಲ್ಲೇ ನೋಡಿದ್ದೇನೆ, ಅದೂ ವರ್ಷಕ್ಕೆ ಎರಡು ಬೆಳೆಗೆ. ನಿಮ್ಮ ತಂದೆಯ ದೇಹದಿಂದ ಮಣ್ಣಿಗೆ ಬರುವ ಸಾರಜನಕ ಒಂದು ಚೀಲ ಯೂರಿಯಾದ ಹತ್ತನೇ ಒಂದು ಭಾಗ. ಬೋರ್ ನೀರಿನಲ್ಲಿ ನೈಟ್ರೇಟ್ ಜಾಸ್ತಿ ಬಂದರೆ ಮೊದಲು ಕೇಳಬೇಕಾದ್ದು ಗೊಬ್ಬರದ ಲೆಕ್ಕ, ಆಮೇಲೆ ಅಜ್ಜನ ಗದ್ದುಗೆ.

ಹಾಗಂತ ಅರವತ್ತು ಅಡಿ ದೂರ ಸಾಕಾ? ಸಾಲದು. ಗೊಬ್ಬರ ಇಡೀ ಹೊಲಕ್ಕೆ ಹರಡಿರುತ್ತೆ, ಇದು ಒಂದೇ ಜಾಗದಲ್ಲಿ, ಆಳದಲ್ಲಿ, ಒಟ್ಟಿಗೆ ಬಿಡುಗಡೆ ಆಗುತ್ತೆ. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಸ್ಮಶಾನಗಳ ಬಗ್ಗೆ ಒಂದು ವರದಿ ಹೊರತಂದಿತ್ತು. ಅದರ ಪ್ರಕಾರ ಕುಡಿಯುವ ನೀರಿನ ಬಾವಿಯಿಂದ 250 ಮೀಟರ್, ಹಳ್ಳ-ತೊರೆಯಿಂದ 30 ಮೀಟರ್ ದೂರ ಇರಬೇಕು, ಮತ್ತು ಕುಣಿಯ ತಳಕ್ಕೂ ಅಂತರ್ಜಲದ ಮಟ್ಟಕ್ಕೂ ನಡುವೆ ಕನಿಷ್ಠ 1 ಮೀಟರ್ ಒಣ ಮಣ್ಣು ಇರಬೇಕು. 250 ಮೀಟರ್ ಅನ್ನೋದು ದೊಡ್ಡ ಸ್ಮಶಾನವನ್ನು ಮನಸ್ಸಿನಲ್ಲಿಟ್ಟು ಹೇಳಿದ್ದು. ಒಂದು ಕುಣಿಗೆ ಅಷ್ಟು ಕಟ್ಟುನಿಟ್ಟು ಬೇಕಿಲ್ಲ ಅಂತ ವಾದ ಮಾಡಬಹುದು. ಆದರೆ ನಿಮಗೆ ಎರಡು ಫರ್ಲಾಂಗು ದೂರದಲ್ಲಿ, ಅಂದರೆ 400 ಮೀಟರ್ ಆಚೆ ಬೇರೆ ಜಾಗ ಇರುವಾಗ ಸುಮ್ನೆ ಯಾಕೆ ವಾದ?

ನನ್ನ ಮಟ್ಟಿಗೆ ದೂರಕ್ಕಿಂತ ದೊಡ್ಡ ವಿಷಯ ಮಣ್ಣು. ಕಾಲುವೆ ಕೆಳಗಿನ ಎರಿ ಹೊಲ ಅಂದಿರಲ್ಲ, ಓದುತ್ತಿದ್ದ ಹಾಗೆ ಅಲ್ಲೇ ನಿಂತುಬಿಟ್ಟೆ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಹೆಚ್ಚಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆ. ನಾವು ಭತ್ತ ಹಚ್ಚಿದೆವು. ನೀರು ನಿಂತಿತು, ಅಂತರ್ಜಲ ಮೇಲೆ ಬಂತು, ಎಷ್ಟೋ ಸಾವಿರ ಎಕರೆ ಸವಳು-ಜವಳು ಆಯಿತು, ಅಂದರೆ ಉಪ್ಪು ಬಿದ್ದು, ನೀರು ನಿಂತು ಕೆಟ್ಟಿತು. ಒಮ್ಮೆ ಕಾಲುವೆಯ ಕೊನೆ ಭಾಗದ ಒಂದು ಹಳ್ಳಿಗೆ ಜವಳು ಭೂಮಿ ನೋಡಲು ಹೋದಾಗ ಊರಲ್ಲಿ ಒಂದು ಸಾವಾಗಿತ್ತು. ಕುಣಿ ತೋಡುತ್ತಾ ನಾಲ್ಕು ಅಡಿಗೆ ನೀರು ಬಂತು. ಕೊಡದಲ್ಲಿ ಎತ್ತಿ ಎತ್ತಿ ಚೆಲ್ಲಿದರು, ಮತ್ತೆ ಜಿನುಗಿತು. ಬೇರೆ ಜಾಗ ನೋಡುವಷ್ಟು ಹೊತ್ತಿರಲಿಲ್ಲ. ಅದೇ ನೀರಿನಲ್ಲೇ ಕೂರಿಸಿ ಮಣ್ಣು ಎಳೆದರು. ಆ ಮನೆಯ ಹೆಣ್ಣುಮಗಳು ದಂಡೆಯ ಮೇಲೆ ನಿಂತು 'ಥಂಡಿ ಆಗ್ತದಲ್ರೀ ಅಪ್ಪಗ' ಅಂದದ್ದು ನನಗೆ ಇವತ್ತಿಗೂ ನೆನಪಿದೆ.

ಇನ್ನು ಒಳಗಿನ ಕೆಲಸ. ದೇಹವನ್ನು ಮಣ್ಣು ಮಾಡುವುದು ಗಾಳಿ ಬೇಕಾಗುವ ಸೂಕ್ಷ್ಮಜೀವಿಗಳು, ಹುಳು-ಹುಪ್ಪಟೆ, ಬೂಷ್ಟು. ಇವೆಲ್ಲ ಹೆಚ್ಚಾಗಿ ಇರುವುದು ಮೇಲಿನ ಎರಡು ಅಡಿ ಮಣ್ಣಿನಲ್ಲಿ. ಕೆಳಕ್ಕೆ ಹೋದಷ್ಟೂ ಗಾಳಿ ಕಡಿಮೆ, ಕೆಲಸ ನಿಧಾನ. ವೈದ್ಯರು ಒಂದು ಹಳೇ ಲೆಕ್ಕ ಹೇಳುತ್ತಾರೆ: ಬಯಲಿನಲ್ಲಿ ಒಂದು ವಾರದಲ್ಲಿ ಆಗುವ ಕೊಳೆತ ನೀರಿನಲ್ಲಿ ಎರಡು ವಾರ, ಮಣ್ಣಿನೊಳಗೆ ಎಂಟು ವಾರ ತಗೊಳ್ಳುತ್ತೆ. ಎರಿ ಮಣ್ಣಿನಲ್ಲಿ ಅರ್ಧಕ್ಕರ್ಧ ಜೇಡಿ. ನೀರು ಕುಡಿದರೆ ಉಬ್ಬಿ ಗಾಳಿ ಓಡಾಡುವ ಸಂದಿಯೆಲ್ಲ ಮುಚ್ಚಿಕೊಳ್ಳುತ್ತೆ. ಗಾಳಿಯಿಲ್ಲದೆ ನೀರಿನಲ್ಲಿ ಕೂತ ದೇಹದ ಕೊಬ್ಬು ಕರಗುವ ಬದಲು ಮೇಣದ ಹಾಗೆ ಗಟ್ಟಿಯಾಗುತ್ತೆ, ಹಾಗೆ ಆಗಿಬಿಟ್ಟರೆ ಹತ್ತಾರು ವರ್ಷ ಉಳಿಯುತ್ತೆ. ಅದೇ ಎರಿ ಬೇಸಿಗೆಯಲ್ಲಿ ಮೊಣಕಾಲುದ್ದ ಬಿರುಕು ಬಿಡುತ್ತೆ, ಕೆಲವೊಮ್ಮೆ ಮೂರಡಿಗೂ ಜಾಸ್ತಿ, ಅದರಿಂದ ವಾಸನೆ ಮೇಲೆ ಬಂದು ನಾಯಿ-ನರಿ ಬರುತ್ತವೆ. ಮಸಾರಿ ಹಾಗಲ್ಲ. ಮರಳು ಮಿಶ್ರಿತ ಕೆಂಪು ಮಣ್ಣು, ನೀರು ಬಸಿದು ಹೋಗುತ್ತೆ, ಗಾಳಿ ಆಡುತ್ತೆ. ನಿಮ್ಮ ಹೊಲದ ಅತ್ಯಂತ ಕೆಟ್ಟ ಬೆಳೆ ಬರುವ ದಿನ್ನೆ ಈ ಕೆಲಸಕ್ಕೆ ಅತ್ಯಂತ ಒಳ್ಳೆ ಜಾಗ. ದೊಡ್ಡಪ್ಪನವರಿಗೆ ಹೀಗೆ ಹೇಳಿ ನೋಡಿ, ರೈತರಿಗೆ ಈ ಮಾತು ಬೇಗ ತಲೆಗೆ ಹೋಗುತ್ತೆ.

ಕೂರಿಸಿ ಮಣ್ಣು ಮಾಡುವವರಿಗೆ ಒಂದು ವಿಷಯ ಯಾರೂ ಹೇಳುವುದಿಲ್ಲ. ಮಲಗಿಸಿದ ದೇಹಕ್ಕೆ ನಾಲ್ಕು ಅಡಿ ಸಾಕು. ಕೂತ ದೇಹ ತಾನೇ ಎರಡೂವರೆ-ಮೂರು ಅಡಿ ಎತ್ತರ, ತಲೆಯ ಮೇಲೆ ಇನ್ನೂ ಎರಡೂವರೆ-ಮೂರು ಅಡಿ ಮಣ್ಣು ಬೇಕು, ಅಲ್ಲಿಗೆ ಐದರಿಂದ ಆರಡಿ ಆಯಿತು. ಅಂದರೆ ನಿಮ್ಮ ಪದ್ಧತಿಗೆ ಅಂತರ್ಜಲ ಇನ್ನೂ ಆಳದಲ್ಲಿರಬೇಕು. ಆರಡಿ ಕುಣಿ, ಅದರ ಕೆಳಗೆ ಮೂರಡಿ ಒಣ ಮಣ್ಣು, ಒಟ್ಟು ಒಂಬತ್ತು ಅಡಿ ತನಕ ನೀರು ಕಾಣಬಾರದು. ಇದನ್ನು ಬೇಸಿಗೆಯಲ್ಲಿ ನೋಡಿದರೆ ಉಪಯೋಗವಿಲ್ಲ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಳೆ ಬಂದು ಕಾಲುವೆಯೂ ತುಂಬಿ ಹರಿಯುವಾಗ ದಿನ್ನೆಯಲ್ಲಿ ಒಂದು ಸಣ್ಣ ಗುಣಿ ಕೊರೆಸಿ ನೋಡಿ. ಬೇಲಿ ಕಂಬದ ಗುಣಿ ಹೊಡೆಯುವವರ ಡ್ರಿಲ್ ಆದೀತು, ಒಂಬತ್ತು ಅಡಿ ತನಕ ಇಳಿಯುವಂಥದ್ದಾದರೆ. ಒಂದು ರಾತ್ರಿ ಬಿಟ್ಟು ಮಾರನೇ ದಿನ ಒಳಗೆ ನೀರು ಇದೆಯಾ ಅಂತ ಕೋಲು ಇಳಿಸಿ ನೋಡಿ. ಇನ್ನೊಂದು ಸಾಧ್ಯತೆ, ಮೂರಡಿಗೇ ಗರಸು ಅಥವಾ ಬಂಡೆ ಸಿಗಬಹುದು, ನಮ್ಮ ಕಡೆ ಮಸಾರಿಯಲ್ಲಿ ಅದು ಸಾಮಾನ್ಯ. ಹಾಗಾದರೆ ದಿನ್ನೆಯಲ್ಲೇ ಹತ್ತು ಮಾರು ಆಚೀಚೆ ನೋಡಿ.

ಉಪ್ಪು. ಇದು ನನಗೆ ಸ್ವಲ್ಪ ಸಿಟ್ಟು ಬರಿಸುವ ವಿಷಯ. ಮಾವಿನಕಾಯಿಗೆ ಉಪ್ಪು ಯಾಕೆ ಹಾಕುತ್ತೇವೆ? ಕೆಡಬಾರದು ಅಂತ. ಮೀನಿಗೂ ಅಷ್ಟೇ. ಉಪ್ಪು ನೀರನ್ನು ಎಳೆದುಕೊಂಡು ಸೂಕ್ಷ್ಮಜೀವಿಗಳನ್ನು ತಡೆಯುತ್ತೆ. ಅದೇ ಉಪ್ಪು ಕುಣಿಯಲ್ಲಿ ಬೇಗ ಕರಗಿಸುತ್ತೆ ಅನ್ನೋದು ಹೇಗೆ ಸಾಧ್ಯ? ಚೀಲಗಟ್ಟಲೆ ಸುರಿದರೆ ಆಗುವುದು ಎರಡು. ಒಂದು, ದೇಹ ಕರಗುವುದು ತಡ. ಎರಡು, ಆ ಉಪ್ಪು ಎಲ್ಲಿಗೂ ಹೋಗುವುದಿಲ್ಲ, ಸೋಡಿಯಂ ಜೇಡಿಯನ್ನು ಹಾಳು ಮಾಡಿ ನೀರು ಇಂಗದ ಹಾಗೆ ಮಾಡುತ್ತೆ, ಮೇಲೆ ಹಚ್ಚಿದ ಗಿಡ ಒಣಗುತ್ತೆ. ಮೊದಲೇ ಸವಳು ಬಿದ್ದ ತಾಲೂಕು, ಅದಕ್ಕೆ ನಾವೇ ಐವತ್ತು ಕೆ.ಜಿ. ಸೇರಿಸಬೇಕಾ? ಶಾಸ್ತ್ರಕ್ಕೆ ಒಂದು ಹಿಡಿ ಹಾಕಿ, ಯಾರೂ ಬೇಡ ಅನ್ನುವುದಿಲ್ಲ. ಸುಣ್ಣದ್ದೂ ಇದೇ ಕಥೆ. ಸುಣ್ಣ ಸುರಿದರೆ ಮೂಳೆ ಸಮೇತ ಕರಗುತ್ತೆ ಅಂತ ಸಿನಿಮಾದಲ್ಲಿ ತೋರಿಸುತ್ತಾರೆ. ಸತ್ತ ಹಂದಿಗಳನ್ನು ಸುಣ್ಣ ಹಾಕಿ ಹೂತು ಪರೀಕ್ಷೆ ಮಾಡಿ ನೋಡಿದ್ದಾರೆ, ಸುಣ್ಣ ಕೊಳೆಯುವುದನ್ನು ನಿಧಾನ ಮಾಡಿತ್ತು. ವಾಸನೆ ತಡೆಯೋಕೆ ಮಾತ್ರ ಅದು ಸರಿ. ವಿಭೂತಿ, ಪತ್ರಿ (ಬಿಲ್ವ), ಹೂವು, ಇವುಗಳಿಂದ ಏನೂ ತೊಂದರೆ ಇಲ್ಲ. ಹೂವಿನ ಹಾರದ ಒಳಗಿನ ಪ್ಲಾಸ್ಟಿಕ್ ದಾರ, ಜರಿಯ ಪಾಲಿಸ್ಟರ್ ಶಾಲು, ಭಂಡಾರ-ಕುಂಕುಮದ ಪ್ಯಾಕೆಟ್ಟು, ಹೆಣ ಹೊರುವ ವಿಮಾನಕ್ಕೆ ಅಂಟಿಸಿದ ಥರ್ಮೋಕೋಲ್ ಇವೆಲ್ಲ ಕುಣಿಗೆ ಹೋಗುತ್ತವಲ್ಲ, ಅವು ಅಲ್ಲೇ ಇರುತ್ತವೆ, ದೇಹ ಹೋಗಿ ಎಷ್ಟೋ ವರ್ಷವಾದ ಮೇಲೂ. ನಿಮ್ಮ ತಂದೆ ಉಡುವ ಹತ್ತಿ ಧೋತರವೇ ಸಾಕು. ಶಾಲು ಹೊದಿಸುವವರನ್ನು ತಡೆಯೋಕೆ ಆಗಲ್ಲ, ಆದರೆ ಇಳಿಸುವ ಮುಂಚೆ ತೆಗೆದಿಡಬಹುದು. ಆ ಕೆಲಸವನ್ನು ಒಬ್ಬರಿಗೆ ಮೊದಲೇ ಒಪ್ಪಿಸಿಬಿಡಿ, ಹುಡುಗರಲ್ಲಿ ಒಬ್ಬನಿಗೆ.

ಇಲ್ಲೇ ಒಂದು ಮಾತು. ಇಂಗ್ಲೆಂಡಿನ ಕಾರ್ಲೈಲ್ ಅನ್ನೋ ಊರಲ್ಲಿ 1993ರಲ್ಲಿ 'ನೈಸರ್ಗಿಕ ಸಮಾಧಿ' ಜಾಗ ಅಂತ ಶುರು ಮಾಡಿದರು. ಪೆಟ್ಟಿಗೆಗೆ ವಾರ್ನಿಶ್ ಇಲ್ಲ, ದೇಹಕ್ಕೆ ರಾಸಾಯನಿಕ ಇಲ್ಲ, ಮೇಲೆ ಕಲ್ಲಿನ ಬದಲು ಗಿಡ. ಅಲ್ಲಿಂದ ಅದು ಬೇರೆ ದೇಶಗಳಿಗೆ ಹೊಸ ಚಳವಳಿ ಅಂತ ಹಬ್ಬಿತು. ನಮ್ಮೂರ ಖಬರಸ್ತಾನದಲ್ಲಿ ಹೊಲಿಗೆ ಇಲ್ಲದ ಬಿಳಿ ಬಟ್ಟೆ ಸುತ್ತಿ ಬರಿ ಮಣ್ಣಿನ ದಿಬ್ಬ ಮಾಡುವವರು, ಹೊಲದ ಮೂಲೆಯಲ್ಲಿ ಮಣ್ಣು ಮಾಡಿ ತಲೆಗೊಂದು ಕಲ್ಲು ನೆಡುವವರು, ಇವರೆಲ್ಲ ಅದನ್ನೇ ತಾನೇ ಮಾಡುತ್ತಾ ಬಂದದ್ದು? ನಾವು ಅದನ್ನು ಬಿಟ್ಟು ಟೈಲ್ಸ್ ಕಡೆ ಹೊರಟೆವು, ಅವರು ಟೈಲ್ಸ್ ಬಿಟ್ಟು ಇತ್ತ ಹೊರಟರು.

ಈಗ ತಮ್ಮನ ಕರೆಂಟ್ ಒಲೆ. ಸುಡುವುದು ತಪ್ಪಲ್ಲ, ನನ್ನ ಬಂಧುಗಳಲ್ಲೇ ಸುಡುವವರಿದ್ದಾರೆ. ಬೆಂಗಳೂರಿನಂಥ ಊರಿನಲ್ಲಿ ಜಾಗ ಇಲ್ಲ, ದಿನಕ್ಕೆ ಹತ್ತಾರು ದೇಹ ಬರುತ್ತವೆ, ಒಲೆ ಆರುವುದೇ ಇಲ್ಲ. ಅಲ್ಲಿ ಅದು ಸರಿಯಾದ ದಾರಿ. ಆದರೆ ಎಂಟುನೂರು ಡಿಗ್ರಿ ಆಸುಪಾಸಿಗೆ ಕಾಯಿಸಬೇಕಾದ ಒಲೆಯನ್ನು ಒಂದು ದೇಹಕ್ಕೋಸ್ಕರ ತಣ್ಣಗಿದ್ದದ್ದನ್ನು ಹೊತ್ತಿಸಿದರೆ ಬಹಳಷ್ಟು ಕರೆಂಟು ಇಟ್ಟಿಗೆ ಕಾಯೋದಕ್ಕೇ ಹೋಗುತ್ತೆ. ಆ ಕರೆಂಟು ಎಲ್ಲಿಂದ ಬಂತು? ಶಕ್ತಿನಗರ, ಯರಮರಸು, ಕುಡತಿನಿ, ಮೂರೂ ಕಲ್ಲಿದ್ದಲು ಸುಡುವ ಸ್ಥಾವರ, ಮೂರೂ ನಮ್ಮ ಸುತ್ತಲೇ. ಹೊಗೆ ಸ್ಮಶಾನದಲ್ಲಿ ಕಾಣುವುದಿಲ್ಲ ಅಷ್ಟೇ, ಬೇರೆ ಊರಿನ ಚಿಮಣಿಯಲ್ಲಿ ಕಾಣುತ್ತೆ. ಅದರ ಮೇಲೆ ಸಿಂಧನೂರಿನಿಂದ ದೂರದ ಊರಿಗೆ ವ್ಯಾನು, ಹಿಂದೆ ಹತ್ತು ಗಾಡಿ ಜನ. ಹೊಲ ಇರುವ ನಿಮಗೆ ಇದು ಪರಿಸರಸ್ನೇಹಿ ಅಲ್ಲ.

ಕಟ್ಟಿಗೆಯಲ್ಲಿ ಸುಡುವವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ಬಯಲಲ್ಲಿ ಒಟ್ಟಿದ ಚಿತೆಗೆ 400ರಿಂದ 600 ಕೆ.ಜಿ. ಕಟ್ಟಿಗೆ ಬೀಳುತ್ತೆ, ಅದರ ಬಿಸಿಯಲ್ಲಿ ಹೆಚ್ಚಿನ ಪಾಲು ಗಾಳಿಗೆ ಹೋಗುತ್ತೆ. ದೆಹಲಿಯಲ್ಲಿ 1992ರಲ್ಲಿ ಶುರುವಾದ ಮೋಕ್ಷದಾ ಅನ್ನುವ ಸಂಸ್ಥೆ, ಕೆಳಗಿನಿಂದ ಗಾಳಿ ಆಡುವ ಜಾಲರಿ, ಮೇಲೆ ಚಿಮಣಿ ಇರುವ ಚಿತೆ ಮಾಡಿತು. ಅದರಲ್ಲಿ 150-200 ಕೆ.ಜಿ.ಯಲ್ಲಿ ಮುಗಿಯುತ್ತೆ, ಅಗ್ನಿ ಕೊಡುವ ವಿಧಿಗೆ ಏನೂ ಕುಂದಿಲ್ಲ. ಊರ ಸ್ಮಶಾನದಲ್ಲಿ ನೆಲದಿಂದ ಒಂದಡಿ ಎತ್ತರಕ್ಕೆ ಕಬ್ಬಿಣದ ಜಾಲರಿ ಹಾಕಿಸಿದರೂ ಕಟ್ಟಿಗೆ ಎಷ್ಟೋ ಉಳಿಯುತ್ತೆ. ಯಾವ ಕಟ್ಟಿಗೆ ಅನ್ನೋದೂ ಮುಖ್ಯ. ಬೇವು, ಹುಣಸೆ, ಮಾವು ಕಡಿಯಬೇಡಿ. ಬಳ್ಳಾರಿ ಜಾಲಿ ಇದೆಯಲ್ಲ, ಹೆಸರಿಗೆ ಬಳ್ಳಾರಿಯದು, ಊರು ಅಮೆರಿಕ ಖಂಡ. 1870ರ ಹೊತ್ತಿಗೆ ಈ ದೇಶಕ್ಕೆ ತಂದದ್ದು. ಕೆರೆ, ಹಳ್ಳ, ಗೋಮಾಳ ಎಲ್ಲ ನುಂಗಿದೆ. ಕಡಿದರೆ ಮತ್ತೆ ಚಿಗುರುತ್ತೆ, ಹಸಿಯಾಗಿದ್ದರೂ ಉರಿಯುತ್ತೆ, ಒಣಗಿದರೆ ಒಳ್ಳೆ ಕಾವು. ಅದನ್ನು ಸುಟ್ಟರೆ ಊರಿಗೆ ಉಪಕಾರವೇ. ಕುಳ್ಳು ಒಟ್ಟುವವರೂ ಇದ್ದಾರೆ, ಈಗ ಸಗಣಿಯನ್ನು ಮಷಿನ್‌ನಲ್ಲಿ ಕಟ್ಟಿಗೆ ಥರ ಒತ್ತಿ ಮಾರುತ್ತಾರೆ. ಮರ ಉಳಿಯುತ್ತೆ, ಆದರೆ ಬೂದಿ, ಹೊಗೆ ಎರಡೂ ಕಟ್ಟಿಗೆಗಿಂತ ಜಾಸ್ತಿ. ಸಗಣಿ ಸುಟ್ಟರೆ ಎಷ್ಟು ಬೂದಿ ಬರುತ್ತೆ ಅಂತ ನೋಡಬೇಕಾದರೆ ಅದೇ ಕುಡತಿನಿಗೆ ಹೋಗಿ. ಹೊಸ ಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ಬೂದಿ ದಿಬ್ಬ ಅಲ್ಲಿದೆ. ಹಂಪಿ ಹತ್ತಿರದ ನಿಂಬಾಪುರದಲ್ಲೂ ಅಂಥದ್ದೇ ಒಂದಿದೆ, ಜನ ಅದನ್ನು ವಾಲಿಯನ್ನು ಸುಟ್ಟ ಬೂದಿ ಅನ್ನುತ್ತಾರೆ. ಮಣ್ಣಿನವರು ನೋಡಿದರೆ ಸಗಣಿ!

ಬೂದಿಯಲ್ಲಿ ಗಿಡ ಹಚ್ಚುವ ಮಾತಿಗೆ ಬರುತ್ತೇನೆ. ಕೇಳೋಕೆ ಚೆಂದ. ಆದರೆ ಸುಟ್ಟ ಮೇಲೆ ಉಳಿಯುವ ಎರಡು-ಮೂರು ಕೆ.ಜಿ. ಮುಖ್ಯವಾಗಿ ಮೂಳೆಯ ಕ್ಯಾಲ್ಸಿಯಂ ಫಾಸ್ಫೇಟ್ ಮತ್ತು ಉಪ್ಪು. ಸಾರಜನಕವೆಲ್ಲ ಹೊಗೆಯಲ್ಲಿ ಹೋಗಿರುತ್ತೆ. ಅದು ತುಂಬಾ ಕ್ಷಾರ, ನಮ್ಮ ಎರಿ ಮಣ್ಣೂ ಮೊದಲೇ ಕ್ಷಾರ, ರಸಸಾರ (pH) ಎಂಟರ ಮೇಲೆ. ಬೇರಿಗೆ ನೇರ ತಾಗುವ ಹಾಗೆ ಬೂದಿ ಹಾಕಿ ಸಸಿ ಇಟ್ಟರೆ ಸಸಿ ಸಾಯುವ ಸಂಭವವೇ ಜಾಸ್ತಿ. ಹಾಕಲೇಬೇಕಿದ್ದರೆ ಹತ್ತಾರು ಬುಟ್ಟಿ ಮಣ್ಣು-ಗೊಬ್ಬರಕ್ಕೆ ಬೆರೆಸಿ ತೆಳ್ಳಗೆ ಹರಡಬೇಕು. ಇಂಟರ್‌ನೆಟ್‌ನಲ್ಲಿ ಬರುವ, ಬೂದಿ ತುಂಬಿ ಹೂಳುವ ಬೀಜದ ಕುಡಿಕೆ, ಹೆಣಕ್ಕೆ ತೊಡಿಸುವ ಅಣಬೆ ಬಟ್ಟೆ ಇವಕ್ಕೆ ದುಡ್ಡು ಹಾಕಬೇಡಿ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2019ರಲ್ಲಿ ದೇಹವನ್ನು ಮರದ ಪುಡಿ, ಹುಲ್ಲಿನ ಜೊತೆ ಗೊಬ್ಬರ ಮಾಡುವುದಕ್ಕೆ ಕಾನೂನು ತಂದರು. 2021ರ ಕೊನೆಗೆ ತೀರಿಕೊಂಡ ದಕ್ಷಿಣ ಆಫ್ರಿಕಾದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ದೇಹವನ್ನು ಬೆಂಕಿಯ ಬದಲು ಕ್ಷಾರದ ಬಿಸಿ ನೀರಿನಲ್ಲಿ ಕರಗಿಸಿದರು. ಒಳ್ಳೆಯ ವಿಜ್ಞಾನ, ಬೇಡ ಅನ್ನಲ್ಲ. ಆದರೆ ಮಸಾರಿ ದಿನ್ನೆ ಇರುವವರಿಗೆ ಅದೆಲ್ಲ ಯಾಕೆ?

ದೇಹದಾನ ಅನ್ನೋದೂ ಒಂದು ದಾರಿ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇವೆ. ಅಲ್ಲಿನ ಅಂಗರಚನಾ ವಿಭಾಗದಲ್ಲಿ ಮೊದಲೇ ಫಾರ್ಮ್ ತುಂಬಬೇಕು, ಆದರೆ ಹೋದ ದಿನ ಮನೆಯವರು ಒಪ್ಪದಿದ್ದರೆ ಆ ಫಾರ್ಮ್ ಬರಿ ಕಾಗದ. ಅಪಘಾತ, ಪೋಸ್ಟ್‌ಮಾರ್ಟಂ ಆದ ದೇಹ, ಕೆಲವು ಸೋಂಕು ಇದ್ದವರದ್ದು ತಗೊಳ್ಳುವುದಿಲ್ಲ. 2010ರಲ್ಲಿ ಬೆಳಗಾವಿಯಲ್ಲಿ ಒಬ್ಬ ವೈದ್ಯರು ದಾನ ಕೊಟ್ಟ ತಮ್ಮ ತಂದೆಯ ದೇಹವನ್ನು ತಾವೇ ಛೇದಿಸಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದು ನಿಮಗೂ ನೆನಪಿರಬಹುದು. ಎಲ್ಲರಿಗೂ ಅಂಥ ಗುಂಡಿಗೆ ಇರುವುದಿಲ್ಲ, ಇರಬೇಕು ಅಂತಲೂ ಇಲ್ಲ. ನಿಮ್ಮ ತಂದೆ ಮಣ್ಣು ಕೇಳಿದ್ದಾರೆ, ಮಣ್ಣೇ ಕೊಡಿ. ಅದರ ಜೊತೆ ಕಣ್ಣಿನ ದಾನ ಮಾಡಬಹುದು. ಆರು ಗಂಟೆಯೊಳಗೆ ಕರೆಸಬೇಕು, 79 ವಯಸ್ಸು ಅಡ್ಡಿಯಲ್ಲ, ಮುಖ ಕೆಡುವುದಿಲ್ಲ. ತಮ್ಮ ಬೆಂಗಳೂರಿನಿಂದ ಬರುವ ತನಕ ಇಡಬೇಕಾದರೆ ಬಾಡಿಗೆ ಐಸ್ ಪೆಟ್ಟಿಗೆ ಸಾಕು. ಫಾರ್ಮಲಿನ್ ಚುಚ್ಚಿಸಬೇಡಿ. ಅದು ಕೊಳೆಯದ ಹಾಗೆ ಮಾಡುವ ವಿಷ, ಕುಣಿಯಲ್ಲೂ ತನ್ನ ಕೆಲಸ ಮುಂದುವರಿಸುತ್ತೆ.

ದೊಡ್ಡಪ್ಪನವರ ಗ್ರಾನೈಟ್ ಉಳಿಯಿತು. ಅವರ ನೋವು ನನಗೆ ಅರ್ಥ ಆಗುತ್ತೆ. ಗುರುತು ಇಲ್ಲದಿದ್ದರೆ ಮುಂದಿನವರು ಟ್ರ್ಯಾಕ್ಟರ್ ಹೊಡೆದುಬಿಡುತ್ತಾರೆ ಅನ್ನೋ ಭಯ, ಅದು ಸುಳ್ಳೂ ಅಲ್ಲ. ಆದರೆ ಹೊಸ ಕುಣಿಯ ಮೇಲೆ ತಕ್ಷಣ ಕಟ್ಟಿದರೆ ಒಂದು ಮಳೆಗಾಲದಲ್ಲಿ ಮಣ್ಣು ಕುಸಿದು ಕಟ್ಟೆ ವಾಲುತ್ತೆ. ಎರಿಯಲ್ಲಂತೂ ಗ್ಯಾರಂಟಿ. ಅಜ್ಜನ ಗದ್ದುಗೆ ಎಷ್ಟು ಸಲ ರಿಪೇರಿ ಆಗಿದೆ ಅಂತ ಅವರನ್ನೇ ಕೇಳಿ. ಒಂದು ಟನ್ ಸಿಮೆಂಟ್ ತಯಾರಾಗುವಾಗ ಅರ್ಧ ಟನ್‌ಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಬಿಡುಗಡೆ ಆಗುತ್ತೆ ಅಂತ ಅವರಿಗೆ ಹೇಳಬೇಡಿ, ಕೇಳುವುದಿಲ್ಲ. ಅದರ ಬದಲು ಒಮ್ಮೆ ಗಂಗಾವತಿ ಕಡೆ ಹಿರೇಬೆಣಕಲ್ ಗುಡ್ಡಕ್ಕೆ ಕರೆದುಕೊಂಡು ಹೋಗಿ, ಅವರಿಗೆ ಹತ್ತುವ ಶಕ್ತಿ ಇದ್ದರೆ. ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಸಮಾಧಿ ಮನೆಗಳು, ನೂರಾರು, ಮೊರೇರ ಮನೆ ಅಂತ ಜನ ಕರೆಯುತ್ತಾರೆ. ಸತ್ತವರ ಹೆಸರು ಉಳಿಯಲಿ ಅಂತ ಅಷ್ಟು ದೊಡ್ಡ ಚಪ್ಪಡಿ ಎತ್ತಿ ನಿಲ್ಲಿಸಿದವರು ಯಾರು, ಒಳಗಿದ್ದವರು ಯಾರು, ಒಬ್ಬರ ಹೆಸರೂ ಇವತ್ತು ನಮಗೆ ಗೊತ್ತಿಲ್ಲ. ನಮ್ಮ ಭಾಗದಲ್ಲಿ ಮಡಕೆಯಲ್ಲಿ ಇಟ್ಟು ಹೂಳಿದ ಕಾಲವೂ ಇತ್ತು, ತೆಕ್ಕಲಕೋಟೆ ಅಗೆದಾಗ ಅದು ಸಿಕ್ಕಿದೆ. ಪದ್ಧತಿ ಬದಲಾಗುತ್ತಲೇ ಬಂದಿದೆ, ಗ್ರಾನೈಟ್ ಅದರಲ್ಲಿ ತೀರಾ ಹೊಸದು. ರಾಜಿಗೆ ಒಂದು ದಾರಿ: ದಿನ್ನೆಯಲ್ಲಿ ಒಂದೇ ಒಂದು ಒರಟು ಕಲ್ಲು, ತಲೆ ಕಡೆ, ಹೆಸರು ಕೆತ್ತಿಸಿ. ಸಿಮೆಂಟ್ ಬೇಡ. ಕುಣಿ ಮುಚ್ಚುವಾಗ ಹೆಂಟೆ ಒಡೆದು, ಪದರ ಪದರವಾಗಿ ತುಳಿದು ಮುಚ್ಚಿಸಿ, ಮೇಲೆ ಒಂದೂವರೆ ಅಡಿ ದಿಬ್ಬ ಬಿಡಿ, ಅದು ತಾನಾಗಿ ಇಳಿಯುತ್ತೆ. ನಾಯಿಗಳಿಗೆ ಜಾಲಿ ಮುಳ್ಳಿನ ಹೊರೆ ಹಾಕುವ ಹಳೇ ಪದ್ಧತಿಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಹೊಲದಲ್ಲಿ ಮಣ್ಣು ಮಾಡುವ ಮುಂಚೆ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟು ಒಪ್ಪಿಗೆ ತಗೊಂಡಿರಿ, ಮತ್ತು ಆ ಸರ್ವೆ ನಂಬರ್ ಪಾಲು ಆದಾಗ ಯಾರಿಗೆ ಬರುತ್ತೆ ಅಂತ ಅಣ್ಣತಮ್ಮಂದಿರು ಈಗಲೇ ಮಾತಾಡಿಕೊಳ್ಳಿ. ಆಮೇಲೆ ಮಾರುವಾಗ ಜಗಳ ಬರುವುದು ಇದರಿಂದಲೇ. ಮರಣ ನೋಂದಣಿ 21 ದಿನದೊಳಗೆ. ಮತ್ತೆ, ಇಷ್ಟೆಲ್ಲ ಆಯ್ಕೆ ಇರುವುದು ಹೊಲ ಇದ್ದವರಿಗೆ. ಊರಲ್ಲಿ ಹೊಲವೂ ಇಲ್ಲದೆ, ರುದ್ರಭೂಮಿಯೂ ಇಲ್ಲದೆ ಹಳ್ಳದ ದಂಡೆಯಲ್ಲಿ ಮಣ್ಣು ಮಾಡುವ ಕೇರಿಗಳಿವೆ, ಮಳೆಗಾಲದಲ್ಲಿ ಅಲ್ಲಿ ಏನಾಗುತ್ತೆ ಅಂತ ನಾನು ನೋಡಿದ್ದೇನೆ. ನಿಮ್ಮ ಪಂಚಾಯಿತಿಯಲ್ಲಿ ಹಾಗಿದ್ದರೆ, ಟೀಚರ್ ಅಂತ ನಿಮ್ಮ ಮಾತಿಗೆ ಒಂದು ಬೆಲೆ ಇರುತ್ತೆ, ಜಾಗದ ಅರ್ಜಿಗೆ ಒಂದು ಸಹಿ ಹಾಕಿ.

ಕೊನೆಗೆ ಗಿಡ. ಕುಣಿಯ ಮೇಲೆ ನೇರ ಹಚ್ಚಬೇಡಿ. ಮಣ್ಣು ಕುಸಿಯುತ್ತೆ, ಕೆಳಗೆ ಕೊಳೆಯುವಾಗ ಗಾಳಿ ಸಾಲದೆ ಎಳೇ ಬೇರು ಸಾಯುತ್ತೆ. ಅದಕ್ಕೇ ನನ್ನ ಸಲಹೆ ಸ್ವಲ್ಪ ತಿರುಗುಮುರುಗು. ಈ ಸಲ ಮೃಗಶಿರಾ ಮಳೆ ಬಿದ್ದ ಮೇಲೆ ದಿನ್ನೆಯಲ್ಲಿ ನಿಮ್ಮ ತಂದೆಯ ಕೈಯಿಂದಲೇ ಹಚ್ಚಿಸಿ. ಪತ್ರಿ ಗಿಡ ಮಸಾರಿಗೆ ಚೆನ್ನಾಗಿ ಹೊಂದುತ್ತೆ, ಬನ್ನಿ, ಬೇವು, ಹುಣಸೆ ಕೂಡ ಆಗುತ್ತೆ, ಯಾವುದು ಅಂತ ಅವರೇ ಹೇಳಲಿ. ಹೊತ್ತು ಬಂದಾಗ ಅದರಿಂದ ಏಳೆಂಟು ಅಡಿ ಬಿಟ್ಟು ಕುಣಿ ತೆಗೆಯಿರಿ. ಅಷ್ಟರಲ್ಲಿ ಗಿಡ ಬಲಿತಿರುತ್ತೆ, ಬೇರು ತಾನೇ ಹುಡುಕಿಕೊಂಡು ಬರುತ್ತೆ. ಮೊದಲ ಎರಡು ಬೇಸಿಗೆ ವಾರಕ್ಕೆರಡು ಕೊಡ ನೀರು, ಮತ್ತೆ ಸುತ್ತ ಬಳ್ಳಾರಿ ಜಾಲಿಯ ಮುಳ್ಳು ಬೇಲಿ ಬಿಗಿಯಾಗಿ ಹಾಕಿ. ನಿಮ್ಮ ಕಡೆ ಆಡುಗಳು ಪತ್ರಿ ಚಿಗುರನ್ನು ಬಿಡುವುದಿಲ್ಲ.